ಪದಾತಿ ದಳದ ಟ್ಯಾಂಕ್ ನಿರೋಧಕ ನಿರ್ದೇಶಿತ ಕ್ಷಿಪಣಿಗಳು: ಒಯ್ಯುವಿಕೆ ಮತ್ತು ಬಳಕೆಯ ಹೋಲಿಕೆ

ಪದಾತಿ ದಳದ ಟ್ಯಾಂಕ್ ನಿರೋಧಕ ನಿರ್ದೇಶಿತ ಕ್ಷಿಪಣಿ ಎಂಬುದು ಕಾಲಾಳು ಸೈನಿಕರು ಹೊತ್ತೊಯ್ದು, ನೆಲದ ಮೇಲಿನಿಂದ ಅಥವಾ ಹೆಗಲಿನಿಂದ ಹಾರಿಸಿ, ಶತ್ರುವಿನ ಟ್ಯಾಂಕು ಮೊದಲಾದ ಕವಚಧಾರಿ ವಾಹನಗಳನ್ನು ನಾಶಪಡಿಸಲು ಬಳಸುವ ಆಯುಧವಾಗಿದೆ. ಹಾರಿದ ನಂತರವೂ ಇದರ ಪಥವನ್ನು ತಿದ್ದಬಹುದಾದ್ದರಿಂದ ಇದನ್ನು ‘ನಿರ್ದೇಶಿತ’ ಎನ್ನುತ್ತಾರೆ. ಭಾರತೀಯ ಸೇನೆಯ ಪದಾತಿ ಪಡೆಗಳು ಪ್ರಧಾನವಾಗಿ ಫ್ರೆಂಚ್-ಜರ್ಮನ್ ಮೂಲದ ಮಿಲನ್ ಮತ್ತು ರಷ್ಯಾ ಮೂಲದ ಕಾಂಕುರ್ಸ್ ಕ್ಷಿಪಣಿಗಳನ್ನು ಬಳಸುತ್ತಿವೆ. ಇವೆರಡೂ ಎರಡನೆಯ ತಲೆಮಾರಿನವು. ಮೂರನೆಯ ತಲೆಮಾರಿನ ಕ್ಷಿಪಣಿಗಳನ್ನು ಹೊಂದುವ ಭಾರತದ ಪ್ರಯತ್ನವು 2014ರಿಂದ ಹಲವು ತಿರುವುಗಳನ್ನು ಕಂಡಿದೆ. ಈ ಲೇಖನವು ವಿವಿಧ ಕ್ಷಿಪಣಿಗಳ ತೂಕ, ವ್ಯಾಪ್ತಿ, ನಿರ್ದೇಶನ ವಿಧಾನ ಹಾಗೂ ಯುದ್ಧಭೂಮಿಯ ಅನುಭವಗಳನ್ನು ಹೋಲಿಸುತ್ತದೆ. ಕರ್ನಾಟಕದ, ಅದರಲ್ಲೂ ಮಲೆನಾಡಿನ ಓದುಗರಿಗೆ ಪರಿಚಿತವಾದ ಭೂಪ್ರದೇಶದ ನೆರವಿನಿಂದ ಈ ಆಯುಧಗಳ ಮಿತಿಗಳನ್ನು ವಿವರಿಸುತ್ತದೆ.

ಹಿನ್ನೆಲೆ

ಕಾಲಾಳು ಹೊತ್ತು ಹಾರಿಸುವ ರಾಕೆಟ್ಟಿನ ಕಲ್ಪನೆ ಕನ್ನಡ ನಾಡಿಗೆ ಹೊಸದಲ್ಲ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರು ಸೈನ್ಯದಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿನ ಕೋಲಿಗೆ ಕಟ್ಟಿದ ರಾಕೆಟ್‌ಗಳನ್ನು ಹಾರಿಸುವ ಪ್ರತ್ಯೇಕ ತುಕಡಿಗಳಿದ್ದವು. 1780ರ ಪೊಳ್ಳಿಲೂರು ಕದನದಲ್ಲಿ ಇವುಗಳ ಪಾತ್ರ ಪ್ರಸಿದ್ಧವಾಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಬ್ರಿಟಿಷರು ಇವುಗಳನ್ನು ಕೊಂಡೊಯ್ದು ಅಭ್ಯಾಸ ಮಾಡಿದರು. ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್‌ಗಳಿಗೆ ಇವೇ ಪ್ರೇರಣೆಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರ, ಅಂದರೆ ಹಿಂದಿನ ಬಿದನೂರಿನ ಹಾಳು ಬಾವಿಯೊಂದರಲ್ಲಿ ಆ ಕಾಲದ ಸಾವಿರದಷ್ಟು ರಾಕೆಟ್‌ಗಳು ದೊರೆತವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂತೆಯೇ ಬಿದನೂರು ಸಹ ಮಲೆನಾಡಿನ ನೆಲವೇ ಆಗಿದೆ. ಆ ರಾಕೆಟ್ಟು ಹಗುರವಾಗಿತ್ತು, ದೂರಕ್ಕೂ ಹೋಗುತ್ತಿತ್ತು. ಆದರೆ ಕೈಬಿಟ್ಟ ಮೇಲೆ ಅದರ ದಾರಿಯನ್ನು ತಿದ್ದುವ ಉಪಾಯವಿರಲಿಲ್ಲ. ಈ ಕೊರತೆಯು ನೀಗಿದ್ದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ.

ನಿರ್ದೇಶಿತ ಕ್ಷಿಪಣಿಗಳು ಬರುವ ಮೊದಲು ಪದಾತಿಗಳು ಟ್ಯಾಂಕನ್ನು ಎದುರಿಸುತ್ತಿದ್ದುದು ಹಿಮ್ಮೆಟ್ಟದ ತೋಪು, ರಾಕೆಟ್ ಕೊಳವೆ ಮತ್ತು ನೆಲಬಾಂಬುಗಳಿಂದ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್ ಕದನದಲ್ಲಿ ಅಬ್ದುಲ್ ಹಮೀದ್ ಅವರು ಜೀಪಿನ ಮೇಲೆ ಕೂರಿಸಿದ 106 ಮಿಲಿಮೀಟರ್ ಹಿಮ್ಮೆಟ್ಟದ ತೋಪಿನಿಂದ ಪಾಕಿಸ್ತಾನದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದು ವೀರಮರಣವನ್ನಪ್ಪಿದರು. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಲಭಿಸಿತು. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಲೋಂಗೇವಾಲಾದಲ್ಲಿ ಪಂಜಾಬ್ ರೆಜಿಮೆಂಟಿನ ಒಂದು ಕಂಪನಿಯು ಇದೇ ಬಗೆಯ ತೋಪುಗಳ ನೆರವಿನಿಂದ ರಾತ್ರಿಯಿಡೀ ಟ್ಯಾಂಕು ಪಡೆಯನ್ನು ತಡೆದು ನಿಲ್ಲಿಸಿತು. ಬೆಳಗಾದ ಮೇಲೆ ವಾಯುಪಡೆಯ ವಿಮಾನಗಳು ಬಂದು ಕದನದ ಫಲಿತಾಂಶವನ್ನು ನಿರ್ಣಯಿಸಿದವು. ಇಂತಹ ತೋಪಿಗೆ ವಾಹನ ಬೇಕು, ಅದು ಹಾರಿಸಿದೊಡನೆ ಎಬ್ಬಿಸುವ ಧೂಳು ಮತ್ತು ಬೆಂಕಿ ತನ್ನ ಸ್ಥಾನವನ್ನು ತಾನೇ ಸಾರುತ್ತದೆ, ಮತ್ತು ಪರಿಣಾಮಕಾರಿ ವ್ಯಾಪ್ತಿ ಸುಮಾರು ಒಂದು ಕಿಲೋಮೀಟರ್ ಮಾತ್ರ. ಅದೇ ದೂರದಿಂದ ಟ್ಯಾಂಕಿನ ತೋಪೂ ಪದಾತಿಯನ್ನು ಹೊಡೆಯಬಲ್ಲದು. ಈ ಅಸಮಾನ ಹೋರಾಟವನ್ನು ಸಮಗೊಳಿಸುವ ಉದ್ದೇಶದಿಂದಲೇ ನಿರ್ದೇಶಿತ ಕ್ಷಿಪಣಿಗಳು ಹುಟ್ಟಿದವು.

ಸಿಡಿತಲೆಯ ಕಾರ್ಯವಿಧಾನ

ಈ ಕ್ಷಿಪಣಿಗಳು ತಮ್ಮ ವೇಗದ ಬಲದಿಂದ ಕವಚವನ್ನು ಭೇದಿಸುವುದಿಲ್ಲ. ಸಿಡಿತಲೆಯೊಳಗೆ ಶಂಕುವಿನ ಆಕಾರದ, ಸಾಮಾನ್ಯವಾಗಿ ತಾಮ್ರದ, ಒಂದು ಲೋಹದ ಹಾಳೆಯಿರುತ್ತದೆ. ಅದರ ಹಿಂದಿನ ಸ್ಫೋಟಕವು ಸಿಡಿದಾಗ ಲೋಹವು ಸೂಜಿಯಂತಹ ಧಾರೆಯಾಗಿ ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಮುನ್ನುಗ್ಗಿ ಉಕ್ಕನ್ನು ಕೊರೆಯುತ್ತದೆ. ಆದ್ದರಿಂದ ನಿಧಾನವಾಗಿ ಹಾರುವ ಹಗುರ ಕ್ಷಿಪಣಿಯೂ ದಪ್ಪನೆಯ ಕವಚವನ್ನು ತೂತು ಮಾಡಬಲ್ಲದು. ಕಾಲಾಳು ಹೊರಬಲ್ಲ ಆಯುಧವು ನಲವತ್ತು ಐವತ್ತು ಟನ್ ತೂಕದ ಟ್ಯಾಂಕನ್ನು ನಿಲ್ಲಿಸುವುದು ಸಾಧ್ಯವಾದದ್ದು ಈ ತತ್ತ್ವದಿಂದ.

ಇದಕ್ಕೆ ಪ್ರತಿಯಾಗಿ ಟ್ಯಾಂಕುಗಳ ಮೇಲೆ ಸ್ಫೋಟಕ ತುಂಬಿದ ಇಟ್ಟಿಗೆಯಾಕಾರದ ಪೆಟ್ಟಿಗೆಗಳನ್ನು ಜೋಡಿಸುವ ಪದ್ಧತಿ ಬಂದಿತು. ಲೋಹಧಾರೆ ತಗುಲಿದಾಗ ಪೆಟ್ಟಿಗೆ ಸಿಡಿದು ಧಾರೆಯನ್ನು ಚದುರಿಸುತ್ತದೆ. ಇದನ್ನು ಮೀರಲು ಕ್ಷಿಪಣಿಗಳಲ್ಲಿ ಒಂದರ ಹಿಂದೊಂದು ಎರಡು ಸಿಡಿತಲೆಗಳನ್ನು ಇಡಲಾಯಿತು: ಮೊದಲನೆಯದು ಪೆಟ್ಟಿಗೆಯನ್ನು ಸಿಡಿಸುತ್ತದೆ, ಎರಡನೆಯದು ಮೂಲ ಕವಚವನ್ನು ಕೊರೆಯುತ್ತದೆ. ಮಿಲನ್-2ಟಿ, ಕಾಂಕುರ್ಸ್-ಎಂ, ಕಾರ್ನೆಟ್, ಜಾವೆಲಿನ್, ಸ್ಪೈಕ್ ಇವೆಲ್ಲ ಈ ಜೋಡಿ ಸಿಡಿತಲೆಯನ್ನು ಹೊಂದಿವೆ.

ನಿರ್ದೇಶನದ ಮೂರು ತಲೆಮಾರುಗಳು

ಮೊದಲನೆಯ ತಲೆಮಾರಿನಲ್ಲಿ ಸೈನಿಕನು ಕ್ಷಿಪಣಿಯನ್ನೂ ಗುರಿಯನ್ನೂ ಏಕಕಾಲದಲ್ಲಿ ನೋಡುತ್ತ, ಸಣ್ಣ ಸನ್ನೆಕೋಲಿನಿಂದ ಕ್ಷಿಪಣಿಯನ್ನು ಎಡಬಲ, ಮೇಲೆ ಕೆಳಗೆ ತಿರುಗಿಸಿ ಗುರಿಗೆ ಮುಟ್ಟಿಸಬೇಕಾಗಿತ್ತು. ಆದೇಶಗಳು ಕ್ಷಿಪಣಿಯ ಹಿಂದೆ ಬಿಚ್ಚಿಕೊಳ್ಳುವ ಸಣ್ಣ ತಂತಿಯ ಮೂಲಕ ಸಾಗುತ್ತಿದ್ದವು. ಫ್ರಾನ್ಸಿನ ಎಸ್‌ಎಸ್-10 ಮತ್ತು ಸೋವಿಯತ್ ಒಕ್ಕೂಟದ ಮಾಲ್ಯುಟ್ಕಾ ಈ ಬಗೆಯವು. ಇದಕ್ಕೆ ದೀರ್ಘಕಾಲದ ಅಭ್ಯಾಸ ಬೇಕಾಗಿತ್ತು; ಅಭ್ಯಾಸ ತಪ್ಪಿದರೆ ಕೈಚಳಕವೂ ತಪ್ಪುತ್ತಿತ್ತು.

ಎರಡನೆಯ ತಲೆಮಾರಿನಲ್ಲಿ ಸೈನಿಕನ ಕೆಲಸ ಹಗುರವಾಯಿತು. ಅವನು ಗುರಿದರ್ಶಕದ ಅಡ್ಡಗೆರೆಯನ್ನು ಟ್ಯಾಂಕಿನ ಮೇಲೆ ಸ್ಥಿರವಾಗಿಟ್ಟುಕೊಂಡರೆ ಸಾಕು. ಉಡಾವಣಾ ಘಟಕವು ಕ್ಷಿಪಣಿಯ ಬಾಲದ ಬೆಳಕನ್ನು ಗುರುತಿಸಿ ತಾನೇ ತಿದ್ದುತ್ತದೆ. ಮಿಲನ್, ಕಾಂಕುರ್ಸ್ ಮತ್ತು ಅಮೆರಿಕದ ಟೌ ಈ ವರ್ಗಕ್ಕೆ ಸೇರುತ್ತವೆ. ರಷ್ಯಾದ ಕಾರ್ನೆಟ್‌ನಲ್ಲಿ ತಂತಿಯ ಬದಲು ಲೇಸರ್ ಕಿರಣವಿದೆ. ಕ್ಷಿಪಣಿಯು ಆ ಕಿರಣದ ನಡುವಿನಲ್ಲಿ ತನ್ನನ್ನು ತಾನೇ ಉಳಿಸಿಕೊಂಡು ಸಾಗುತ್ತದೆ. ಆದರೂ ಕ್ಷಿಪಣಿ ಗುರಿ ಮುಟ್ಟುವವರೆಗೆ ಸೈನಿಕನು ಕದಲುವಂತಿಲ್ಲ ಎಂಬ ಮೂಲ ಮಿತಿ ಹಾಗೆಯೇ ಉಳಿಯಿತು.

ಮೂರನೆಯ ತಲೆಮಾರಿನಲ್ಲಿ ಕ್ಷಿಪಣಿಯ ಮೂತಿಯಲ್ಲೇ ಅವಗೆಂಪು ಕಿರಣಗಳಿಂದ ಚಿತ್ರ ಗ್ರಹಿಸುವ ಕಣ್ಣಿದೆ. ಹಾರಿಸುವ ಮೊದಲು ಗುರಿಯ ಚಿತ್ರವನ್ನು ಅದಕ್ಕೆ ಕೊಟ್ಟರೆ ಮುಂದಿನದನ್ನು ಕ್ಷಿಪಣಿಯೇ ನೋಡಿಕೊಳ್ಳುತ್ತದೆ. ‘ಹಾರಿಸಿ ಮರೆತುಬಿಡು’ ಎಂದು ಇದನ್ನು ಕರೆಯುವುದು ರೂಢಿ. ಜಾವೆಲಿನ್ ಈ ವರ್ಗದ ಪ್ರಸಿದ್ಧ ಉದಾಹರಣೆ. ಇಸ್ರೇಲಿನ ಸ್ಪೈಕ್ ಎಲ್‌ಆರ್ ಕ್ಷಿಪಣಿಯು ಇದರ ಜೊತೆಗೆ ಆಪ್ಟಿಕಲ್ ಫೈಬರ್ ಎಳೆಯನ್ನೂ ಬಿಚ್ಚುತ್ತ ಹೋಗುವುದರಿಂದ, ಬೇಕೆನಿಸಿದರೆ ಸೈನಿಕನು ಕ್ಷಿಪಣಿಯ ಕಣ್ಣಿನಿಂದಲೇ ನೋಡುತ್ತ ನಡುದಾರಿಯಲ್ಲಿ ಗುರಿಯನ್ನು ಬದಲಿಸಬಹುದು. ಇವು ಮೇಲಕ್ಕೇರಿ, ಟ್ಯಾಂಕಿನ ಅತ್ಯಂತ ತೆಳುವಾದ ಭಾಗವಾದ ನೆತ್ತಿಯ ಮೇಲೆ ಎರಗಬಲ್ಲವು.

ತೂಕ ಮತ್ತು ವ್ಯಾಪ್ತಿಯ ಹೋಲಿಕೆ

ಕೆಳಗಿನ ಪಟ್ಟಿಯಲ್ಲಿನ ತೂಕಗಳು ಸ್ಥೂಲ ಅಂದಾಜುಗಳು. ಆವೃತ್ತಿಯಿಂದ ಆವೃತ್ತಿಗೆ ಇವು ಸ್ವಲ್ಪ ಬದಲಾಗುತ್ತವೆ.

| ಕ್ಷಿಪಣಿ | ಮೂಲ | ಕೊಳವೆ ಸಹಿತ ಕ್ಷಿಪಣಿಯ ತೂಕ | ಉಡಾವಣಾ ಘಟಕದ ತೂಕ | ಗರಿಷ್ಠ ವ್ಯಾಪ್ತಿ |
|---|---|---|---|---|
| ಮಿಲನ್ | ಫ್ರಾನ್ಸ್, ಜರ್ಮನಿ | 12 ಕಿ.ಗ್ರಾಂ | 16 ಕಿ.ಗ್ರಾಂ | 2,000 ಮೀಟರ್ |
| ಕಾಂಕುರ್ಸ್ | ರಷ್ಯಾ | 26 ಕಿ.ಗ್ರಾಂ | 22 ಕಿ.ಗ್ರಾಂ | 4,000 ಮೀಟರ್ |
| ಕಾರ್ನೆಟ್ | ರಷ್ಯಾ | 29 ಕಿ.ಗ್ರಾಂ | 26 ಕಿ.ಗ್ರಾಂ | 5,500 ಮೀಟರ್ |
| ಜಾವೆಲಿನ್ | ಅಮೆರಿಕ | 16 ಕಿ.ಗ್ರಾಂ | 6.5 ಕಿ.ಗ್ರಾಂ | 2,500 ಮೀಟರ್. ಹೊಸ ಘಟಕದಲ್ಲಿ 4,000 |
| ಸ್ಪೈಕ್ ಎಲ್‌ಆರ್ | ಇಸ್ರೇಲ್ | 14 ಕಿ.ಗ್ರಾಂ | 12 ಕಿ.ಗ್ರಾಂ | 4,000 ಮೀಟರ್ |
| ಎಂಪಿಎಟಿಜಿಎಂ | ಭಾರತ | 14.5 ಕಿ.ಗ್ರಾಂ | 14 ಕಿ.ಗ್ರಾಂ | 2,500 ಮೀಟರ್ |

ಈ ಪಟ್ಟಿಯನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಒಂದೇ ಒಂದು ಹೊಡೆತಕ್ಕೆ ಬೇಕಾದ ಒಟ್ಟು ತೂಕವನ್ನು ಕೂಡಿದರೆ ಜಾವೆಲಿನ್ ಸುಮಾರು 22.5, ಮಿಲನ್ 28, ಕಾಂಕುರ್ಸ್ 48, ಕಾರ್ನೆಟ್ 55 ಕಿ.ಗ್ರಾಂ ಆಗುತ್ತದೆ. ಜಾವೆಲಿನ್ ಎಲ್ಲಕ್ಕಿಂತ ಹಗುರ ಎಂಬ ತೀರ್ಮಾನ ಸಹಜ. ಆದರೆ ತುಕಡಿಯು ನಾಲ್ಕು ಹೊಡೆತಗಳಿಗೆ ಸಿದ್ಧವಾಗಿ ಹೊರಟಿತೆನ್ನೋಣ. ಆಗ ಮಿಲನ್‌ಗೆ 64 ಕಿ.ಗ್ರಾಂ, ಸ್ಪೈಕ್‌ಗೆ 68, ಜಾವೆಲಿನ್‌ಗೆ 70.5, ಎಂಪಿಎಟಿಜಿಎಂಗೆ 72, ಕಾಂಕುರ್ಸ್‌ಗೆ 126, ಕಾರ್ನೆಟ್‌ಗೆ 142 ಕಿ.ಗ್ರಾಂ ಬೇಕಾಗುತ್ತದೆ. ಅಂದರೆ ಹಳೆಯ ಮಿಲನ್ ಇಲ್ಲಿ ಹಗುರದ ಆಯುಧವಾಗಿಬಿಡುತ್ತದೆ.

ಇದಕ್ಕೆ ಕಾರಣ ಸರಳವಾಗಿದೆ. ಎರಡನೆಯ ತಲೆಮಾರಿನಲ್ಲಿ ‘ಬುದ್ಧಿ’ಯು ಉಡಾವಣಾ ಘಟಕದಲ್ಲಿದೆ, ಕ್ಷಿಪಣಿಯು ಹೇಳಿದಂತೆ ಕೇಳುವ ಸರಳ ವಸ್ತು. ಘಟಕವನ್ನು ಮತ್ತೆ ಮತ್ತೆ ಬಳಸಬಹುದು. ಮೂರನೆಯ ತಲೆಮಾರಿನಲ್ಲಿ ಬುದ್ಧಿಯನ್ನು ಕ್ಷಿಪಣಿಯ ಮೂತಿಗೆ ವರ್ಗಾಯಿಸಲಾಗಿದೆ. ಪ್ರತಿ ಹೊಡೆತದೊಂದಿಗೆ ಒಂದು ದುಬಾರಿ ಕಣ್ಣೂ ಒಂದು ಗಣಕವೂ ಸುಟ್ಟುಹೋಗುತ್ತವೆ. ತೂಕದ ಲೆಕ್ಕದಲ್ಲಿ ಕಾಣುವ ಈ ವ್ಯತ್ಯಾಸವೇ ಬೆಲೆಯ ಲೆಕ್ಕದಲ್ಲಿ ಹಲವು ಪಟ್ಟಾಗಿ ಕಾಣಿಸುತ್ತದೆ.

ಸೈನಿಕನು ಬಯಲಿಗೆ ಬೀಳುವ ಸಮಯ

ಹೊರುವ ಭಾರಕ್ಕಿಂತಲೂ ಗಂಭೀರವಾದ ಇನ್ನೊಂದು ಲೆಕ್ಕವಿದೆ. ಮಿಲನ್ ಕ್ಷಿಪಣಿಯು 2,000 ಮೀಟರ್ ಸಾಗಲು ಸುಮಾರು 12.5 ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಕಾಂಕುರ್ಸ್ ತನ್ನ ಪೂರ್ಣ ವ್ಯಾಪ್ತಿಯನ್ನು ತಲುಪಲು ಸುಮಾರು 20 ಸೆಕೆಂಡು ಬೇಕು. ಗಂಟೆಗೆ 40 ಕಿಲೋಮೀಟರ್ ವೇಗದ ಟ್ಯಾಂಕು 12.5 ಸೆಕೆಂಡಿನಲ್ಲಿ ಸುಮಾರು 140 ಮೀಟರ್ ಚಲಿಸಿ ದಿಬ್ಬದ ಮರೆಗೆ ಹೋಗಿಬಿಡಬಹುದು. ಇಷ್ಟು ಹೊತ್ತೂ ಸೈನಿಕನು ಗುರಿದರ್ಶಕಕ್ಕೆ ಕಣ್ಣಿಟ್ಟು ಅಲುಗಾಡದೆ ಕುಳಿತಿರಬೇಕು. ಕ್ಷಿಪಣಿ ಹೊರಟ ಹೊಗೆಯನ್ನು ನೋಡಿದ ಶತ್ರುವು ಆ ದಿಕ್ಕಿಗೆ ಗುಂಡಿನ ಮಳೆಗರೆಯುತ್ತಾನೆ. ಸೈನಿಕನು ಬೆದರಿ ತಲೆ ತಗ್ಗಿಸಿದರೆ ಅಡ್ಡಗೆರೆಯೂ ತಗ್ಗುತ್ತದೆ, ಕ್ಷಿಪಣಿಯು ನೆಲಕ್ಕೆ ಬೀಳುತ್ತದೆ.

ಮೂರನೆಯ ತಲೆಮಾರಿನ ಕ್ಷಿಪಣಿಯನ್ನು ಹಾರಿಸಿದ ಸೈನಿಕನು ಮರುಕ್ಷಣವೇ ಸ್ಥಳ ಬದಲಿಸಬಹುದು. ಜಾವೆಲಿನ್‌ನಲ್ಲಿ ಕ್ಷಿಪಣಿಯು ಮೊದಲು ಮೆಲ್ಲಗೆ ಕೊಳವೆಯಿಂದ ಹೊರಬಂದು, ಕೆಲವು ಮೀಟರ್ ದೂರ ಸರಿದ ಮೇಲೆ ಮುಖ್ಯ ಎಂಜಿನ್ ಉರಿಯುವುದರಿಂದ, ಕಟ್ಟಡದೊಳಗಿಂದಲೂ ಹಾರಿಸಲು ಅವಕಾಶವಿದೆ. ಆದ್ದರಿಂದ ಎರಡು ತಲೆಮಾರುಗಳ ನಡುವಿನ ನಿಜವಾದ ಅಂತರವು ಕವಚಭೇದನದಲ್ಲಿಲ್ಲ. ಆ ಹತ್ತು ಇಪ್ಪತ್ತು ಸೆಕೆಂಡುಗಳಲ್ಲಿ ಒಬ್ಬ ಮನುಷ್ಯನು ಬದುಕುಳಿಯುವ ಸಂಭವದಲ್ಲಿದೆ.

ಯುದ್ಧಭೂಮಿಯ ಅನುಭವ

1973ರ ಅಕ್ಟೋಬರ್ ಯುದ್ಧದಲ್ಲಿ ಈಜಿಪ್ಟಿನ ಪದಾತಿಗಳು ಸೂಯೆಜ್ ಕಾಲುವೆಯನ್ನು ದಾಟಿ, ಪೆಟ್ಟಿಗೆಗಳಲ್ಲಿ ಹೊತ್ತುತಂದ ಮಾಲ್ಯುಟ್ಕಾ ಕ್ಷಿಪಣಿಗಳಿಂದ ಇಸ್ರೇಲಿನ ಟ್ಯಾಂಕುಗಳಿಗೆ ಭಾರಿ ನಷ್ಟವನ್ನುಂಟುಮಾಡಿದರು. ಟ್ಯಾಂಕಿನ ಯುಗ ಮುಗಿಯಿತೆಂದು ಆಗ ಅನೇಕರು ಬರೆದರು. ಆದರೆ ಇಸ್ರೇಲಿ ಪಡೆಗಳು ಕೆಲವೇ ದಿನಗಳಲ್ಲಿ ಉಪಾಯ ಕಂಡುಕೊಂಡವು: ಟ್ಯಾಂಕುಗಳ ಜೊತೆಗೆ ಪದಾತಿಯನ್ನೂ ಫಿರಂಗಿಯನ್ನೂ ಕಳುಹಿಸಿ, ಕ್ಷಿಪಣಿ ಹೊರಟ ಸ್ಥಳದತ್ತ ಗುಂಡು ಹಾರಿಸಿ ನಿರ್ವಾಹಕನನ್ನು ವಿಚಲಿತಗೊಳಿಸುವುದು.

1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷ್ ಪದಾತಿಗಳು ಮಿಲನ್ ಕ್ಷಿಪಣಿಗಳನ್ನು ಟ್ಯಾಂಕುಗಳ ಮೇಲಲ್ಲ, ಅರ್ಜೆಂಟೀನಾ ಸೈನಿಕರ ಬಂಕರುಗಳ ಮೇಲೆ ಬಳಸಿದರು. ದ್ವೀಪದ ಜೌಗು ನೆಲದಲ್ಲಿ ವಾಹನಗಳು ಸಾಗುವುದು ಕಷ್ಟವಾಗಿದ್ದುದರಿಂದ ಹೊತ್ತೊಯ್ಯಬಹುದಾದ ಈ ಆಯುಧವೇ ಕಿರುಫಿರಂಗಿಯ ಕೆಲಸ ಮಾಡಿತು. ಪರ್ವತ ಪ್ರದೇಶದ ಗಡಿಗಳನ್ನು ಕಾಯುವ ಭಾರತದಂತಹ ದೇಶಕ್ಕೆ ಇದು ಗಮನಾರ್ಹ ಪಾಠವಾಗಿದೆ. 1987ರಲ್ಲಿ ಚಾಡ್ ದೇಶದ ಪಡೆಗಳು ಟೊಯೋಟಾ ವಾಹನಗಳ ಮೇಲೆ ಮಿಲನ್ ಕ್ಷಿಪಣಿಗಳನ್ನು ಇರಿಸಿಕೊಂಡು ಮರುಭೂಮಿಯಲ್ಲಿ ಲಿಬಿಯಾದ ಟ್ಯಾಂಕು ಪಡೆಗಳನ್ನು ಸೋಲಿಸಿದವು. ಹೊರುವ ಭಾರದ ಸಮಸ್ಯೆಯನ್ನು ಅವರು ಹಗುರ ವಾಹನದಿಂದ ಪರಿಹರಿಸಿಕೊಂಡಿದ್ದರು.

2006ರಲ್ಲಿ ಲೆಬನಾನಿನಲ್ಲಿ ಹಿಜ್ಬುಲ್ಲಾ ಹೋರಾಟಗಾರರು ಕಾರ್ನೆಟ್ ಕ್ಷಿಪಣಿಗಳಿಂದ ಇಸ್ರೇಲಿನ ಮರ್ಕಾವಾ ಟ್ಯಾಂಕುಗಳನ್ನು ಹೊಡೆದರು. ಮುಂದೆ ಇಸ್ರೇಲ್ ತನ್ನ ಟ್ಯಾಂಕುಗಳಿಗೆ, ಬರುತ್ತಿರುವ ಕ್ಷಿಪಣಿಯನ್ನು ದಾರಿಯಲ್ಲೇ ಹೊಡೆದುರುಳಿಸುವ ‘ಟ್ರೋಫಿ’ ಎಂಬ ವ್ಯವಸ್ಥೆಯನ್ನು ಅಳವಡಿಸಿತು.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಆಕ್ರಮಣ ಮಾಡಿದಾಗ ಜಾವೆಲಿನ್ ಮತ್ತು ಬ್ರಿಟನ್-ಸ್ವೀಡನ್ ಸಹಯೋಗದ ಎನ್‌ಲಾ ಆಯುಧಗಳು ಜಗತ್ತಿನ ಗಮನ ಸೆಳೆದವು. ಎನ್‌ಲಾದ ಒಟ್ಟು ತೂಕ 12.5 ಕಿ.ಗ್ರಾಂ; ಒಮ್ಮೆ ಹಾರಿಸಿ ಎಸೆಯುವಂಥದ್ದು; 20 ಮೀಟರಿನಷ್ಟು ಹತ್ತಿರದಿಂದ 800 ಮೀಟರಿನವರೆಗೆ ಪ್ರಯೋಜನಕಾರಿ. ಸಾಲಾಗಿ ರಸ್ತೆಗಳಲ್ಲಿ ಬಂದ ಟ್ಯಾಂಕುಗಳನ್ನು ಕಾಡು ಮತ್ತು ಊರುಗಳ ಅಂಚಿನಿಂದ ಹೊಡೆಯಲು ಇವು ಬಹಳ ನೆರವಾದವು. ಯುದ್ಧ ಮುಂದುವರಿದಂತೆ ಸ್ಫೋಟಕ ಹೊತ್ತ ಅಗ್ಗದ ಡ್ರೋನ್‌ಗಳು ಈ ಕೆಲಸದ ದೊಡ್ಡ ಪಾಲನ್ನು ವಹಿಸಿಕೊಂಡವು. ರೇಡಿಯೊ ಸಂಕೇತಗಳನ್ನು ಶತ್ರು ಅಡ್ಡಿಪಡಿಸತೊಡಗಿದಾಗ ಡ್ರೋನ್‌ಗಳು ಆಪ್ಟಿಕಲ್ ಫೈಬರ್ ಎಳೆಯನ್ನು ಬಿಚ್ಚುತ್ತ ಹಾರಲು ಆರಂಭಿಸಿದವು. ಹಳತೆಂದು ಬದಿಗಿಟ್ಟಿದ್ದ ತಂತಿಯ ತತ್ತ್ವವು ಹೀಗೆ ಹೊಸ ರೂಪದಲ್ಲಿ ಮರಳಿ ಬಂದಿತು.

ಭೂಪ್ರದೇಶದ ಪ್ರಭಾವ: ಮಲೆನಾಡಿನ ನಿದರ್ಶನ

ಕ್ಷಿಪಣಿಯ ವ್ಯಾಪ್ತಿ ಎಷ್ಟೇ ಇದ್ದರೂ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಅದು ಉಪಯುಕ್ತ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಇಲ್ಲಿನ ರಸ್ತೆಗಳು ಗುಡ್ಡವನ್ನು ಬಳಸಿ ಸಾಗುತ್ತವೆ. ಎರಡು ಗುಡ್ಡಗಳ ನಡುವಿನ ಗದ್ದೆಬಯಲಿನಲ್ಲಿ ನಿಂತರೂ ದೃಷ್ಟಿ ಕೆಲವು ನೂರು ಮೀಟರುಗಳಲ್ಲಿ ಅಡಿಕೆ ತೋಟಕ್ಕೋ ಕಾಡಿನ ಅಂಚಿಗೋ ತಾಗಿ ನಿಲ್ಲುತ್ತದೆ. ಇಂತಹ ನೆಲದಲ್ಲಿ 4,000 ಮೀಟರ್ ವ್ಯಾಪ್ತಿಯ ಕಾಂಕುರ್ಸ್ ತನ್ನ ಸಾಮರ್ಥ್ಯದ ಅಲ್ಪಭಾಗವನ್ನಷ್ಟೇ ಬಳಸಬಲ್ಲದು; ಆದರೆ ಅದರ ಪೂರ್ಣ ತೂಕವನ್ನು ಸೈನಿಕನು ಹೊರಲೇಬೇಕು. ತಂತಿಯನ್ನು ಬಿಚ್ಚುತ್ತ ಸಾಗುವ ಕ್ಷಿಪಣಿಗೆ ಮರದ ಕೊಂಬೆ, ಬಿದಿರು ಮೆಳೆ, ವಿದ್ಯುತ್ ತಂತಿಗಳೆಲ್ಲ ಶತ್ರುಗಳೇ. ಹೆಚ್ಚಿನ ಕ್ಷಿಪಣಿಗಳು ತಮ್ಮ ಕನಿಷ್ಠ ದೂರವನ್ನು ಕ್ರಮಿಸುವವರೆಗೆ ನಿರ್ದೇಶನಕ್ಕೆ ಪೂರ್ಣವಾಗಿ ಒಳಪಡುವುದಿಲ್ಲ. ತಿರುವಿನಲ್ಲಿ ಹಠಾತ್ತನೆ ಎದುರಾಗುವ ವಾಹನಕ್ಕೆ ಅವು ನಿರುಪಯುಕ್ತ. ಇಂತಹ ಕಡೆ ಎನ್‌ಲಾ ಅಥವಾ ನಿರ್ದೇಶನವೇ ಇಲ್ಲದ ಕಾರ್ಲ್ ಗುಸ್ತಾಫ್‌ನಂತಹ ಸಮೀಪದ ಆಯುಧಗಳೇ ಮೇಲು.

ನರಸಿಂಹರಾಜಪುರದ ಪಕ್ಕದಲ್ಲಿ ಹರಡಿರುವ ಭದ್ರಾ ಜಲಾಶಯದ ಹಿನ್ನೀರು ಇದಕ್ಕೆ ವಿರುದ್ಧವಾದ ಉದಾಹರಣೆ. ಅಲ್ಲಿ ದೃಷ್ಟಿಗೆ ತಡೆಯಿಲ್ಲ. ಆದರೆ ವಿಸ್ತಾರವಾದ ನೀರಿನ ಮೇಲೆ ತಂತಿಯ ಕ್ಷಿಪಣಿಯನ್ನು ಹಾರಿಸುವುದು ಅಪಾಯಕರ. ತಂತಿಯು ನೀರಿಗೆ ತಾಗಿದರೆ ವಿದ್ಯುತ್ ಸಂಕೇತವು ಕಡಿದುಹೋಗಿ ನಿಯಂತ್ರಣ ತಪ್ಪಬಹುದು. ಲೇಸರ್ ಕಿರಣದ ಅಥವಾ ಸ್ವಯಂ ನಿರ್ದೇಶನದ ಕ್ಷಿಪಣಿಗಳಿಗೆ ಈ ತೊಂದರೆಯಿಲ್ಲ.

ತೂಕದ ಅಂದಾಜಿಗೂ ಮನೆಯ ವಸ್ತುಗಳೇ ಸಾಕು. 14.2 ಕಿ.ಗ್ರಾಂ ಅನಿಲ ತುಂಬಿದ ಗೃಹಬಳಕೆಯ ಸಿಲಿಂಡರ್ ಹೆಚ್ಚುಕಡಿಮೆ 30 ಕಿ.ಗ್ರಾಂ ತೂಗುತ್ತದೆ, ಒಂದು ಕಾರ್ನೆಟ್ ಕ್ಷಿಪಣಿಯ ತೂಕ ಅಷ್ಟೇ. ಖಾಲಿ ಸಿಲಿಂಡರಿನ ತೂಕವು ಒಂದು ಜಾವೆಲಿನ್ ಕ್ಷಿಪಣಿಯ ತೂಕಕ್ಕೆ ಸಮೀಪವಾಗಿದೆ. ತುಂಬಿದ ಸಿಲಿಂಡರನ್ನು ಹೆಗಲ ಮೇಲಿಟ್ಟು ಮಳೆಗಾಲದಲ್ಲಿ ಕಿಗ್ಗದ ಬಳಿಯ ನರಸಿಂಹ ಪರ್ವತವನ್ನು ಹತ್ತುವುದನ್ನು ಊಹಿಸಿಕೊಂಡರೆ ‘ಒಯ್ಯಬಹುದಾದ’ ಎಂಬ ವಿಶೇಷಣದ ಅರ್ಥವು ತಿಳಿಯುತ್ತದೆ. ಸೈನಿಕನು ಇದರ ಜೊತೆಗೆ ಬಂದೂಕು, ಗುಂಡು, ನೀರು, ಆಹಾರ, ಬೆಚ್ಚನೆಯ ಉಡುಪುಗಳನ್ನೂ ಹೊರುತ್ತಾನೆ. ಪೂರ್ವ ಲಡಾಖಿನಲ್ಲಿ ಸುಮಾರು 5,000 ಮೀಟರ್ ಎತ್ತರದಲ್ಲಿ, ಅಂದರೆ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎರಡೂವರೆ ಪಟ್ಟು ಎತ್ತರದಲ್ಲಿ, ಪ್ರಾಣವಾಯುವಿನ ಕೊರತೆಯ ನಡುವೆ ಈ ಭಾರವನ್ನು ಹೊರಬೇಕಾಗುತ್ತದೆ.

ಆಯುಧವು ಗುರಿಗೆ ತಕ್ಕಂತಿರಬೇಕು ಎಂಬುದಕ್ಕೂ ಈ ಪ್ರದೇಶ ಸಾಕ್ಷಿಯಾಗಿದೆ. ಶೃಂಗೇರಿ, ಕೊಪ್ಪ ಭಾಗದ ಕಾಡುಗಳಲ್ಲಿ 2000ರ ದಶಕದಿಂದ ನಡೆದ ನಕ್ಸಲ್ ನಿಗ್ರಹ ಕಾರ್ಯಾಚರಣೆಯಲ್ಲಿ ಪೊಲೀಸರು ಬಳಸಿದ್ದು ಹಗುರ ಶಸ್ತ್ರಗಳನ್ನು. 2025ರ ಜನವರಿಯಲ್ಲಿ ಆರು ಮಂದಿಯ ಶರಣಾಗತಿಯಾದದ್ದು ಮಾತುಕತೆಯ ಮೂಲಕ. ಕ್ಷಿಪಣಿಗೆ ಅಲ್ಲಿ ಕೆಲಸವಿರಲಿಲ್ಲ.

ಭಾರತದ ಪರಿಸ್ಥಿತಿ

ಭಾರತದಲ್ಲಿ ಈ ಕ್ಷಿಪಣಿಗಳ ತಯಾರಿಕೆಯು ಸಾರ್ವಜನಿಕ ವಲಯದ ಭಾರತ್ ಡೈನಾಮಿಕ್ಸ್ ಸಂಸ್ಥೆಯೊಂದಿಗೆ ಹೆಣೆದುಕೊಂಡಿದೆ. 1970ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ಮೊದಲು ತಯಾರಿಸಿದ್ದು ಫ್ರೆಂಚ್ ಪರವಾನಗಿಯ ಎಸ್‌ಎಸ್-11ಬಿ1 ಎಂಬ ಮೊದಲ ತಲೆಮಾರಿನ ಕ್ಷಿಪಣಿಯನ್ನು. ಬಳಿಕ ಮಿಲನ್ ಮತ್ತು ಕಾಂಕುರ್ಸ್ ತಯಾರಿಕೆ ಆರಂಭವಾಯಿತು.

1983ರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರ ನೇತೃತ್ವದ ಸಮಗ್ರ ನಿರ್ದೇಶಿತ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ನಾಗ್’ ಎಂಬ ಮೂರನೆಯ ತಲೆಮಾರಿನ ಕ್ಷಿಪಣಿಯೂ ಸೇರಿತ್ತು. ಅದರ ಅಂತಿಮ ಬಳಕೆದಾರ ಪರೀಕ್ಷೆ ಪೋಖ್ರಾನಿನಲ್ಲಿ ನಡೆದದ್ದು 2020ರ ಅಕ್ಟೋಬರಿನಲ್ಲಿ. ಸುಮಾರು 43 ಕಿ.ಗ್ರಾಂ ತೂಗುವ ನಾಗ್ ಅನ್ನು ‘ನಾಮಿಕಾ’ ಎಂಬ ಪಟ್ಟಾ ವಾಹನದಿಂದ ಹಾರಿಸಬೇಕು. ಪದಾತಿಗೆ ಅದನ್ನು ಹೊರಲಾಗದು. ಅದರ ಸೋದರ ರೂಪವಾದ ಹೆಲಿನಾವನ್ನು ಬೆಂಗಳೂರಿನ ಎಚ್‌ಎಎಲ್ ನಿರ್ಮಿತ ಹೆಲಿಕಾಪ್ಟರುಗಳಿಂದ ಹಾರಿಸಿ ಪರೀಕ್ಷಿಸಲಾಗಿದೆ.

ಪದಾತಿಗೆ ಒಪ್ಪುವ ಮೂರನೆಯ ತಲೆಮಾರಿನ ಕ್ಷಿಪಣಿಗಾಗಿ ರಕ್ಷಣಾ ಸಚಿವಾಲಯವು 2014ರ ಅಕ್ಟೋಬರಿನಲ್ಲಿ ಜಾವೆಲಿನ್ ಬದಲು ಸ್ಪೈಕ್ ಅನ್ನು ಆರಿಸಿತು. 321 ಉಡಾವಣಾ ಘಟಕ ಮತ್ತು 8,356 ಕ್ಷಿಪಣಿಗಳ ಆ ಪ್ರಸ್ತಾವವು ಒಪ್ಪಂದದ ಹಂತ ತಲುಪದೆ, ದೇಶೀಯ ಕ್ಷಿಪಣಿಗೆ ಆದ್ಯತೆ ನೀಡುವ ಕಾರಣದಿಂದ ಕೆಲವೇ ವರ್ಷಗಳಲ್ಲಿ ಕೈಬಿಡಲ್ಪಟ್ಟಿತು. 2019ರಲ್ಲಿ ಗಡಿಯಲ್ಲಿ ಉದ್ವಿಗ್ನತೆ ಹೆಚ್ಚಿದಾಗ ಸ್ಪೈಕ್‌ಗಳನ್ನು ತುರ್ತಾಗಿ, ಸೀಮಿತ ಸಂಖ್ಯೆಯಲ್ಲಿ ಖರೀದಿಸಲಾಯಿತು.

ದೇಶೀಯ ಕ್ಷಿಪಣಿಯಾದ ಎಂಪಿಎಟಿಜಿಎಂ ಅನ್ನು ಡಿಆರ್‌ಡಿಒ ಅಭಿವೃದ್ಧಿಪಡಿಸುತ್ತಿದೆ. 2018ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ, 2019ರಲ್ಲಿ ರಾಜಸ್ಥಾನ ಹಾಗೂ ಕರ್ನೂಲಿನಲ್ಲಿ, 2024ರ ಏಪ್ರಿಲ್‌ನಲ್ಲಿ ಪೋಖ್ರಾನಿನಲ್ಲಿ ಅದರ ಪರೀಕ್ಷೆಗಳು ನಡೆದವು. ಈ ನಡುವೆ ಸೇನೆಯ ತಕ್ಷಣದ ಅಗತ್ಯವನ್ನು ಪೂರೈಸಲು ಹಳೆಯ ಮಾದರಿಗಳನ್ನೇ ಮತ್ತೆ ಕೊಳ್ಳಲಾಯಿತು: 2021ರ ಮಾರ್ಚ್‌ನಲ್ಲಿ 1,188 ಕೋಟಿ ರೂಪಾಯಿಗೆ 4,960 ಮಿಲನ್-2ಟಿ ಕ್ಷಿಪಣಿಗಳು, 2022ರ ಫೆಬ್ರವರಿಯಲ್ಲಿ ಸುಮಾರು 3,130 ಕೋಟಿ ರೂಪಾಯಿಗೆ ಕಾಂಕುರ್ಸ್-ಎಂ ಕ್ಷಿಪಣಿಗಳು.

2025ರ ಫೆಬ್ರವರಿಯ ಭಾರತ-ಅಮೆರಿಕ ಜಂಟಿ ಹೇಳಿಕೆಯಲ್ಲಿ ಜಾವೆಲಿನ್ ಖರೀದಿ ಮತ್ತು ಸಹ-ಉತ್ಪಾದನೆಯ ಪ್ರಸ್ತಾಪ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ 100 ಜಾವೆಲಿನ್ ಕ್ಷಿಪಣಿ ಮತ್ತು 25 ಹಗುರ ಉಡಾವಣಾ ಘಟಕಗಳ ಮಾರಾಟಕ್ಕೆ ಅಮೆರಿಕ ಸರ್ಕಾರ ಅನುಮತಿ ನೀಡಿತು. ಅದರ ಅಂದಾಜು ಮೌಲ್ಯ 4.57 ಕೋಟಿ ಡಾಲರ್.

ವಿಶ್ಲೇಷಣೆ

ಮೇಲಿನ ಅಂಕಿಗಳಿಂದ ಕೆಲವು ತೀರ್ಮಾನಗಳು ಹೊರಡುತ್ತವೆ. ಮಿಲನ್-2ಟಿ ಒಪ್ಪಂದದ ಸರಾಸರಿ ಬೆಲೆಯು ಕ್ಷಿಪಣಿಯೊಂದಕ್ಕೆ ಸುಮಾರು 24 ಲಕ್ಷ ರೂಪಾಯಿ. ಜಾವೆಲಿನ್ ಪ್ರಸ್ತಾವದಲ್ಲಿ ಕ್ಷಿಪಣಿಯೊಂದಕ್ಕೆ 4.57 ಲಕ್ಷ ಡಾಲರ್ ಆಗುತ್ತದೆ. ಎರಡನೆಯದರಲ್ಲಿ ಉಡಾವಣಾ ಘಟಕ, ತರಬೇತಿ ಮತ್ತು ಬಿಡಿಭಾಗಗಳೂ ಸೇರಿರುವುದರಿಂದ ಇವೆರಡನ್ನು ನೇರವಾಗಿ ತಕ್ಕಡಿಯಲ್ಲಿಟ್ಟು ತೂಗಲಾಗದು. ಆದರೂ ಅಂತರವು ಹಲವು ಪಟ್ಟು ಎಂಬುದರಲ್ಲಿ ಸಂಶಯವಿಲ್ಲ. ನೂರು ಕ್ಷಿಪಣಿಗಳು ದೊಡ್ಡ ಸೈನ್ಯವೊಂದಕ್ಕೆ ಪರಿಚಯ ಮಾಡಿಕೊಳ್ಳಲು ಸಾಕು, ಯುದ್ಧಕ್ಕೆ ಸಾಲವು.

ಎರಡನೆಯ ತಲೆಮಾರಿನ ಕ್ಷಿಪಣಿಗಳು ನಿಷ್ಪ್ರಯೋಜಕವೆಂದು ಹೇಳುವುದು ಸರಿಯಲ್ಲ. ಬಂಕರು, ಕಾವಲುಗೋಪುರ, ನಿಂತ ವಾಹನಗಳಂತಹ ಗುರಿಗಳಿಗೆ ಮಿಲನ್ ಇಂದಿಗೂ ಸಮರ್ಥ. ಅಂತಹ ಗುರಿಗೆ ದುಬಾರಿ ಕಣ್ಣನ್ನು ಸುಡುವುದು ಅಪವ್ಯಯ. ಜೊತೆಗೆ, ಅವಗೆಂಪು ಕಣ್ಣಿಗೆ ಗುರಿಯು ಸುತ್ತಲಿನ ನೆಲಕ್ಕಿಂತ ಬಿಸಿಯಾಗಿಯೋ ತಂಪಾಗಿಯೋ ಕಾಣಬೇಕು. ಬೇಸಗೆಯ ಮರುಭೂಮಿಯಲ್ಲಿ ನೆಲವೂ ಟ್ಯಾಂಕೂ ಒಂದೇ ಉಷ್ಣತೆಗೆ ಬರುವ ಹೊತ್ತಿನಲ್ಲಿ ಗುರುತಿಸುವಿಕೆ ಕಷ್ಟವಾಗುತ್ತದೆ. ನಾಗ್ ಕ್ಷಿಪಣಿಯ ಅಭಿವೃದ್ಧಿಯು ದೀರ್ಘವಾದುದಕ್ಕೆ ಇದೂ ಒಂದು ಕಾರಣವಾಗಿತ್ತು. ಮತ್ತೊಂದೆಡೆ, ಚಲಿಸುವ ಆಧುನಿಕ ಟ್ಯಾಂಕನ್ನು, ಅದರ ಜೊತೆಗಿರುವ ಪದಾತಿ ಮತ್ತು ಡ್ರೋನ್‌ಗಳ ಕಣ್ಗಾವಲಿನಡಿ, ಹನ್ನೆರಡು ಸೆಕೆಂಡು ಅಲುಗಾಡದೆ ಕುಳಿತು ಎದುರಿಸುವುದು ಹಿಂದೆಂದಿಗಿಂತ ಇಂದು ಹೆಚ್ಚು ಅಪಾಯಕರ. ಚೀನಾದ ಬಳಿ ಎಚ್‌ಜೆ-12 ಎಂಬ ‘ಹಾರಿಸಿ ಮರೆತುಬಿಡು’ ವರ್ಗದ ಕ್ಷಿಪಣಿ ಈಗಾಗಲೇ ಇದೆ.

ಆದ್ದರಿಂದ ಒಂದೇ ಕ್ಷಿಪಣಿಯನ್ನು ಎಲ್ಲ ಪಟಾಲಮುಗಳಿಗೂ ಕೊಡುವ ಬದಲು ಭೂಪ್ರದೇಶಕ್ಕೆ ತಕ್ಕ ಮಿಶ್ರಣವನ್ನು ರೂಪಿಸುವುದು ವಿವೇಕಯುತವಾಗಿ ಕಾಣುತ್ತದೆ: ಮರುಭೂಮಿ ಮತ್ತು ಬಯಲಿಗೆ ವಾಹನದ ಮೇಲಿನ ದೂರವ್ಯಾಪ್ತಿಯ ಕ್ಷಿಪಣಿ, ಎತ್ತರದ ಪರ್ವತಗಳಿಗೆ ಹಗುರವಾದ ಮೂರನೆಯ ತಲೆಮಾರಿನ ಕ್ಷಿಪಣಿ, ಕಾಡು ಮತ್ತು ಊರುಗಳಿಗೆ ಸಮೀಪದ ಆಯುಧ, ಇವೆಲ್ಲಕ್ಕೂ ಪೂರಕವಾಗಿ ಡ್ರೋನ್. 2014ರಲ್ಲಿ ಆರಿಸಿದ ಆಯುಧವನ್ನು ಬಿಟ್ಟುದಕ್ಕೆ ದೇಶೀಯ ಸಾಮರ್ಥ್ಯವನ್ನು ಬೆಳೆಸುವ ನ್ಯಾಯವಾದ ಕಾರಣವಿತ್ತು. ಆದರೆ ಆ ನಿರ್ಧಾರದ ಮತ್ತು ದೇಶೀಯ ಕ್ಷಿಪಣಿ ಸೈನಿಕನ ಕೈ ಸೇರುವ ದಿನದ ನಡುವಿನ ಅವಧಿಯ ಬೆಲೆಯನ್ನು ತೆರುವವನು ಗಡಿಯಲ್ಲಿರುವ ಪದಾತಿಯೇ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ಬೆಂಗಳೂರಿನ ಪ್ಯಾರಾಶೂಟ್ ರೆಜಿಮೆಂಟ್ ತರಬೇತಿ ಕೇಂದ್ರ ಮೊದಲಾದೆಡೆ ತರಬೇತಿ ಪಡೆದು ಹೊರಡುವ ತರುಣರಿಗೆ ಈ ವಿಳಂಬವು ಸೆಕೆಂಡುಗಳ ಲೆಕ್ಕದಲ್ಲಿ ಎದುರಾಗುತ್ತದೆ. ಸ್ವದೇಶಿಯೋ ವಿದೇಶಿಯೋ ಎಂಬ ಚರ್ಚೆಯ ಜೊತೆಗೆ ‘ಎಂದು’ ಎಂಬ ಪ್ರಶ್ನೆಗೂ ಸಮಾನ ತೂಕ ದೊರೆಯಬೇಕಾಗಿದೆ.